ತೊಗರಿ ಹೊಲದಲ್ಲಿ ಎಷ್ಟು ಬಯಾಲಜಿ ಇದೆ ಗೊತ್ತಾ? ಮಗಳಿಗೊಂದು ಪತ್ರ

ಕಲಬುರಗಿ

ಪ್ರೀತಿಯ ಅಕ್ಷತಾ,

ಎಂಎಸ್ಸಿಗೆ ಬಾಟನಿ ತಗೊಳ್ಳಲಾ, ಮೈಕ್ರೋಬಯಾಲಜಿನಾ, ಬಯೋಟೆಕ್ನಾಲಜಿನಾ ಅಂತ ಮತ್ತೆ ಮತ್ತೆ ಕೇಳುತ್ತಿದ್ದೀಯ. ಫೋನಿನಲ್ಲಿ ಮಾತಾಡಿದರೆ ಅರ್ಧಕ್ಕೇ ಜಗಳವಾಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. "ಡಾಕ್ಟರ್ ಸೀಟು ಸಿಗಲಿಲ್ಲ, ಇನ್ನು ಬಿಎಸ್ಸಿ ಓದಿ ಏನ್ ಮಾಡ್ತಾಳ?" ಅಂತ ನಿನ್ನ ಕಾಕಾ ಇನ್ನೂ ಕೇಳುತ್ತಾರೆ. ಬೇಕಾದರೆ ಅವರಿಗೂ ಇದನ್ನು ಓದಿಸು.

ನನ್ನ ಮಾತು ಇಷ್ಟೇ. ವಿಭಾಗದ ಬೋರ್ಡು ನೋಡಿ ಆರಿಸಬೇಡ. ನಿನ್ನನ್ನು ಕಾಡುವ ಒಂದು ಪ್ರಶ್ನೆ ಹಿಡಿ. ಯಾವ ಬಾಗಿಲು ತಟ್ಟಬೇಕು ಅಂತ ಆ ಪ್ರಶ್ನೆಯೇ ಹೇಳುತ್ತದೆ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳು, ದೊಡ್ಡ ಲ್ಯಾಬುಗಳಲ್ಲಿ ಕೆಲಸ ಮಾಡಿದವಳಲ್ಲ. ಆದರೆ ಆಳಂದ ಕಡೆಯ ನಮ್ಮ ಹೊಲದಲ್ಲಿ ತೊಗರಿ ಇದೆಯಲ್ಲ, ಅದೊಂದನ್ನೇ ಇಟ್ಟುಕೊಂಡು ಹೇಳುತ್ತೇನೆ ಕೇಳು.

2022ರಲ್ಲಿ ನಮ್ಮ ಜಿಲ್ಲೆಯಲ್ಲಿ ನೆಟೆ ರೋಗ ಬಂದು ತೊಗರಿ ಹೊಲಗಳು ಒಣಗಿ ನಿಂತಿದ್ದು ನಿನಗೆ ನೆನಪಿರಬೇಕು. ಅಂಥ ಗಿಡದ ಕಾಂಡ ಸೀಳಿದರೆ ಒಳಗೆ ಕಪ್ಪು ಗೆರೆ ಕಾಣುತ್ತದೆ. ಫ್ಯುಸೇರಿಯಂ ಉಡುಮ್ ಎಂಬ ಶಿಲೀಂಧ್ರ ಬೇರಿನಿಂದ ಹೊಕ್ಕು ನೀರು ಏರುವ ನಾಳಗಳನ್ನೇ ಕಟ್ಟಿಬಿಡುತ್ತದೆ. ಮಣ್ಣಿನಲ್ಲಿ ಹಸಿ ಇದ್ದರೂ ಗಿಡ ಒಣಗುತ್ತದೆ. ಮುತ್ಯಾ ತೊಗರಿಯ ಜೊತೆ ಜೋಳದ ಸಾಲು ಬಿಡುತ್ತಿರಲಿಲ್ಲ. ಹಾಗೆ ಜೋಳದ ಜೊತೆ ಬೆಳೆದರೆ ನೆಟೆ ಕಡಿಮೆ ಅಂತ ಹೈದರಾಬಾದ್ ಹತ್ತಿರ ಪಟಾಂಚೆರುವಿನಲ್ಲಿರುವ ಒಣಭೂಮಿ ಬೆಳೆಗಳ ಅಂತರರಾಷ್ಟ್ರೀಯ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್‌ನ ಪ್ರಯೋಗಗಳೂ ತೋರಿಸಿವೆ. ಯಾಕೆ ಕಡಿಮೆ? ಜೋಳದ ಬೇರು ಮಣ್ಣಿಗೆ ಏನು ಬಿಡುತ್ತದೆ, ಅದರ ಸುತ್ತ ಯಾವ ಸೂಕ್ಷ್ಮಜೀವಿಗಳು ಸೇರುತ್ತವೆ? ಈಗ ಒಂದು ಚಿಟಿಕೆ ಮಣ್ಣಿನಲ್ಲಿರುವ ಎಲ್ಲ ಜೀವಿಗಳ ಡಿಎನ್‌ಎಯನ್ನು ಒಟ್ಟಿಗೇ ಓದುವ ವಿಧಾನ ಬಂದಿದೆ. ಇದನ್ನು ಬಾಟನಿ ಅನ್ನುತ್ತೀಯಾ, ಮೈಕ್ರೋಬಯಾಲಜಿ ಅನ್ನುತ್ತೀಯಾ, ನೀನೇ ಹೇಳು.

ನನಗೆ ಇದಕ್ಕಿಂತ ಇಷ್ಟವಾದದ್ದು ಗೊಡ್ಡು ರೋಗದ ಕತೆ. ಗಿಡ ಸಾಯುವುದಿಲ್ಲ, ಹಸಿರಾಗೇ ಪೊದೆಯ ಹಾಗೆ ಬೆಳೆಯುತ್ತದೆ. ಎಲೆ ಸಣ್ಣದಾಗಿ ತಿಳಿಹಳದಿ ಮಚ್ಚೆ ಬೀಳುತ್ತದೆ. ಹೂವೇ ಬಿಡುವುದಿಲ್ಲ. ಬಿಹಾರದ ಪೂಸಾದಲ್ಲಿ ಇದನ್ನು ಗುರುತಿಸಿ ಬರೆದದ್ದು 1931ರಲ್ಲಿ. ಕಾರಣ ಯಾವುದೋ ವೈರಸ್ ಇರಬೇಕು ಅಂತ ಎಲ್ಲರಿಗೂ ಅನುಮಾನ, ಆದರೆ ಯಾರ ಕೈಗೂ ಅದು ಸಿಗಲಿಲ್ಲ. ರೋಗ ಹರಡುವುದು ಒಂದು ನುಸಿ ಅಂತ 1960ರ ದಶಕದಲ್ಲಿ ಗೊತ್ತಾಯಿತು. ಬರಿಗಣ್ಣಿಗೆ ಕಾಣದಷ್ಟು ಸಣ್ಣ ನುಸಿ, ಗಾಳಿಯಲ್ಲಿ ತೇಲಿ ಹೋಗುತ್ತದೆ. ನುಸಿ ಅಂದರೆ ಎಂಟು ಕಾಲು ಅಂತ ನಾನು ಮಕ್ಕಳಿಗೆ ಪಾಠ ಮಾಡುತ್ತೇನೆ. ಈ ಜಾತಿಗೆ ನಾಲ್ಕೇ ಕಾಲು! ವೈರಸ್ ನಿಜವಾಗಿ ಸಿಕ್ಕಿದ್ದು 2000ದ ಆಸುಪಾಸಿನಲ್ಲಿ, ಇಕ್ರಿಸ್ಯಾಟ್ ಮತ್ತು ಸ್ಕಾಟ್ಲೆಂಡಿನ ಸಂಶೋಧಕರು ಸೇರಿ ಹುಡುಕಿದಾಗ. ಅಂದರೆ ಒಂದು ರೋಗದ ಮೂಲ ಹಿಡಿಯಲು ಸುಮಾರು 70 ವರ್ಷ. ಗಿಡ ನೋಡುವವರು, ನುಸಿ ನೋಡುವವರು, ಎಲೆ ಅರೆದು ವೈರಸ್ಸಿನ ಜೀನ್ ಇರುವ ಆರ್‌ಎನ್‌ಎ ತೆಗೆಯುವವರು, ಇವರಲ್ಲಿ ಒಬ್ಬರು ಇಲ್ಲದಿದ್ದರೂ ಆಗುತ್ತಿರಲಿಲ್ಲ. ಕಾಕಾ ಇದನ್ನೆಲ್ಲ "ಸುಮ್ನೆ ಟೈಂಪಾಸ್" ಅನ್ನಬಹುದು. ಗೊಡ್ಡು ಬಂದ ವರ್ಷ ಅವರೇ ಎಲ್ಲರಿಗಿಂತ ಜಾಸ್ತಿ ಬೈಯುವುದು, ಅದು ಬೇರೆ ಮಾತು.

ಹುಳುವಿನ ವಿಷಯಕ್ಕೆ ಬರೋಣ. ಕಾಯಿ ಕೊರೆಯುವ ಹಸಿರು ಹುಳು ಬಿದ್ದರೆ ತಾಡಪತ್ರಿ ಹಾಸಿ ಗಿಡ ಅಲ್ಲಾಡಿಸುತ್ತೇವಲ್ಲ, ಅದೇ ಹುಳು. ಅದಕ್ಕೆ ಎನ್‌ಪಿವಿ ಎಂಬ ವೈರಸ್ ಸಿಂಪಡಿಸುವುದೂ ಉಂಟು. ವೈರಸ್ ಹತ್ತಿದ ಹುಳು ಸಾಯುವ ಮೊದಲು ಗಿಡದ ತುದಿಗೆ ಹತ್ತಿ ತಲೆಕೆಳಗಾಗಿ ಜೋತುಬೀಳುತ್ತದೆ. ಅಲ್ಲಿ ಅದರ ದೇಹ ಕರಗಿ ಕೆಳಗಿನ ಎಲೆಗಳ ಮೇಲೆಲ್ಲ ವೈರಸ್ ಸುರಿಯುತ್ತದೆ. ಹುಳು ಯಾಕೆ ಮೇಲೇ ಹತ್ತಬೇಕು? ಬೆಳಕನ್ನು ಗ್ರಹಿಸುವ ಅದರ ಶಕ್ತಿಯನ್ನೇ ವೈರಸ್ ತನ್ನ ಕೆಲಸಕ್ಕೆ ಬಳಸಿಕೊಳ್ಳುತ್ತದೆ ಅಂತ ಚೀನಾದ ಸಂಶೋಧಕರು 2022ರಲ್ಲಿ ತೋರಿಸಿದರು. ಕಣ್ಣು, ನರ, ಜೀನ್, ನಡವಳಿಕೆ, ಬೆಳೆ ರಕ್ಷಣೆ ಎಲ್ಲ ಒಂದೇ ಹುಳುವಿನೊಳಗೆ ಬಂತು. ಪಠ್ಯಪುಸ್ತಕದಲ್ಲಿ ಇವು ಐದು ಬೇರೆ ಅಧ್ಯಾಯಗಳು.

ಬೇರು ನೋಡಿದರೆ ಅಲ್ಲಿ ಕೆಮಿಸ್ಟ್ರಿ. ಕೆಂಪು ಮಣ್ಣಿನಲ್ಲಿ ಗಿಡಕ್ಕೆ ಬೇಕಾದ ರಂಜಕ (ಫಾಸ್ಫರಸ್) ಕಬ್ಬಿಣಕ್ಕೆ ಅಂಟಿಕೊಂಡು ಕೂತಿರುತ್ತದೆ, ಬಹಳ ಬೆಳೆಗಳ ಕೈಗೆ ಸಿಗುವುದಿಲ್ಲ. ತೊಗರಿ ಬೇರು ಪಿಸಿಡಿಕ್ ಆಮ್ಲ ಬಿಟ್ಟು ಕಬ್ಬಿಣವನ್ನು ಹಿಡಿದುಕೊಂಡು ರಂಜಕ ಬಿಡಿಸಿಕೊಳ್ಳುತ್ತದೆ. ಇಕ್ರಿಸ್ಯಾಟ್‌ನಲ್ಲಿ ಕೆಲಸ ಮಾಡಿದ ಜಪಾನಿನ ವಿಜ್ಞಾನಿಗಳ ತಂಡ 1990ರಲ್ಲಿ ಇದನ್ನು ಪ್ರಕಟಿಸಿತು. ನಮ್ಮ ಎರೆ ಹೊಲದಲ್ಲಿ ರಂಜಕ ಜಾಸ್ತಿ ಸುಣ್ಣದ ಜೊತೆ ಕಟ್ಟಿಕೊಂಡಿರುತ್ತದೆ, ಹಾಗಾಗಿ ಈ ಲೆಕ್ಕ ಇಲ್ಲಿಗೆ ಹಾಗೇ ಹೊಂದುವುದಿಲ್ಲ. ಇಂಥದ್ದನ್ನು ನೋಡುವುದಕ್ಕೆ ಊರಿನ ಮಣ್ಣು ಗೊತ್ತಿದ್ದವರೇ ಬೇಕು.

ಈಗ ನಿನಗೆ ಇಷ್ಟವಾಗದ ಮಾತು. 2011ರಲ್ಲಿ ತೊಗರಿಯ ಜೀನೋಮ್, ಅಂದರೆ ಅದರ ಡಿಎನ್‌ಎಯ ಅಕ್ಷರಗಳ ಸಾಲನ್ನು ಓದಿದರು, 'ಆಶಾ' ಎಂಬ ತಳಿಯದು. ಅದರಲ್ಲಿ 48,680 ಜೀನ್‌ಗಳಿರಬಹುದು ಅಂತ ಅಂದಾಜಿಸಿದರು. ಪ್ರೋಟೀನ್ ತಯಾರಿಸುವ ಜೀನ್‌ಗಳು ನಮ್ಮಲ್ಲಿರುವುದೇ ಸುಮಾರು 20,000. (ನಾವೇ ದೊಡ್ಡವರು ಅಂದುಕೊಂಡಿರುತ್ತೇವೆ!) ಅಷ್ಟು ಅಕ್ಷರಗಳಲ್ಲಿ ರೋಗ ತಡೆಯುವ ಜೀನ್ ಯಾವುದು ಅಂತ ಕಣ್ಣಿನಿಂದ ಹುಡುಕಲು ಆಗುವುದಿಲ್ಲ. ಅಂಕಿಅಂಶಶಾಸ್ತ್ರ ಬೇಕು, ಸ್ವಲ್ಪ ಪ್ರೋಗ್ರಾಮಿಂಗ್ ಬೇಕು. 2024ರ ರಸಾಯನಶಾಸ್ತ್ರದ ನೊಬೆಲ್ ಪ್ರೋಟೀನಿನ ಆಕಾರವನ್ನು ಕಂಪ್ಯೂಟರಿನಲ್ಲಿ ಊಹಿಸಿದವರಿಗೂ ಹೊಸ ಪ್ರೋಟೀನ್ ವಿನ್ಯಾಸ ಮಾಡಿದವರಿಗೂ ಹೋಯಿತು. ಗಣಿತ ತಪ್ಪಿಸಿಕೊಳ್ಳಲು ಬಯಾಲಜಿ ತಗೊಂಡೆ ಅಂತ ನೀನು ಪಿಯುಸಿಯಲ್ಲಿ ಹೇಳುತ್ತಿದ್ದೆ. ಆ ಕಾಲ ಮುಗಿಯಿತು ಕಣವ್ವಾ.

ಆಸ್ಪತ್ರೆ ಕಡೆಯ ಸಂಶೋಧನೆ ಬಗ್ಗೆ ಎಲ್ಲರೂ ಬರೆಯುತ್ತಾರೆ, ನಾನು ಜಾಸ್ತಿ ಹೇಳುವುದಿಲ್ಲ. ಸಿಕಲ್ ಸೆಲ್ ರಕ್ತದ ಕಾಯಿಲೆಗೆ ಕ್ರಿಸ್ಪರ್ ಎಂಬ ಜೀನ್ ತಿದ್ದುವ ವಿಧಾನದಿಂದ ಮಾಡುವ ಚಿಕಿತ್ಸೆಗೆ ಬ್ರಿಟನ್ 2023ರ ನವೆಂಬರ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಆ ಕ್ರಿಸ್ಪರ್ ಮೊದಲು ಕಂಡದ್ದು ಬ್ಯಾಕ್ಟೀರಿಯಾಗಳಲ್ಲಿ. ವೈರಸ್‌ನಿಂದ ತಪ್ಪಿಸಿಕೊಳ್ಳಲು ಅವು ಇಟ್ಟುಕೊಂಡ ಉಪಾಯ ಅದು. ಡಾಕ್ಟರ್ ಸೀಟು ಸಿಗಲಿಲ್ಲ ಅಂತ ಅತ್ತಿದ್ದೆಯಲ್ಲ, ಬ್ಯಾಕ್ಟೀರಿಯಾ ನೋಡುತ್ತ ಕೂತವರಿಂದಲೂ ರೋಗಿಗಳಿಗೆ ಉಪಕಾರವಾಗಿದೆ.

ಇನ್ನೊಬ್ಬರನ್ನು ಹೇಳಲೇಬೇಕು. ಕಮಲಾ ಸೊಹೋನಿ ಅಂತ, ಬಯೋಕೆಮಿಸ್ಟ್. ಹೆಣ್ಣುಮಗಳು ಅಂತ ಅವರನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಸೇರಿಸಿಕೊಳ್ಳಲು ಆಗ ಅದರ ನಿರ್ದೇಶಕರಾಗಿದ್ದ ಸಿ.ವಿ. ರಾಮನ್ ಮೊದಲು ಒಪ್ಪಲಿಲ್ಲ. 1933ರಲ್ಲಿ ಒಂದು ವರ್ಷ ನೋಡೋಣ ಅಂತ ಷರತ್ತು ಹಾಕಿ ಸೇರಿಸಿದರು. ಅಲ್ಲಿ ಅವರು ಕೆಲಸ ಮಾಡಿದ್ದು ಹಾಲು ಮತ್ತು ಬೇಳೆಕಾಳುಗಳ ಪ್ರೋಟೀನ್ ಮೇಲೆ. 1939ರಲ್ಲಿ ಕೇಂಬ್ರಿಜ್‌ನಿಂದ ಪಿಎಚ್‌ಡಿ. ನಮ್ಮ ಜಿಲ್ಲೆಯಲ್ಲಿ ಬೇಳೆ ಅಂದರೆ ಅಡತಿ ರೇಟು, ದಾಲ್ ಮಿಲ್ಲು ಅಷ್ಟೇ ಮಾತು. ಲ್ಯಾಬಿಗೂ ಬೇಳೆ ಹೋಗುತ್ತದೆ ಅಂತ ನಿನ್ನ ಆಯಿಗೆ ಹೇಳಿದರೆ ನಕ್ಕರು.

ದುಡ್ಡಿನ ವಿಷಯವೂ ಇದೆ, ಮುಚ್ಚಿಡುವುದಿಲ್ಲ. ಪಿಎಚ್‌ಡಿಗೆ ಐದಾರು ವರ್ಷ ಹೋಗುತ್ತದೆ. ನೆಟ್ ಪರೀಕ್ಷೆ ಬರೆದು ಜೆಆರ್‌ಎಫ್ ಎಂಬ ಸಂಶೋಧನಾ ಫೆಲೋಶಿಪ್ ಸಿಕ್ಕರೆ 2023ರಿಂದ ತಿಂಗಳಿಗೆ 37,000 ರೂಪಾಯಿ, ಮನೆ ಬಾಡಿಗೆ ಬೇರೆ. ಒಮ್ಮೊಮ್ಮೆ ತಡವಾಗಿ ಬರುತ್ತದೆ ಅಂತ ಕೇಳಿದ್ದೇನೆ. ಆಮೇಲೆ ಕೆಲಸ ಸಿಗುವುದೂ ಸುಲಭವಲ್ಲ. ಅದಕ್ಕೇ, ಕೈಯಲ್ಲಿ ಒಂದು ಕಸುಬು ಇರುವಂತೆ ನೋಡಿಕೋ. ಡೇಟಾ ಓದುವುದೋ, ಟಿಶ್ಯೂ ಕಲ್ಚರೋ, ಮೈಕ್ರೋಸ್ಕೋಪಿಯೋ, ಯಾವುದಾದರೂ ಒಂದು. ಬಯೋಟೆಕ್ ಅಂತ ಹೆಸರು ಹಾಕಿಕೊಂಡು ಲ್ಯಾಬಿನ ಬೀಗವನ್ನೇ ತೆಗೆಯದ ಕಾಲೇಜುಗಳಿಗೆ ಮಾತ್ರ ಹೋಗಬೇಡ. ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯವೂ ಇದೆ, ಮನೆಗೆ ಹತ್ತಿರ ಅಂತ ಕೀಳಾಗಿ ನೋಡಬೇಡ. ಎಂಎಸ್ಸಿ ಪ್ರವೇಶಕ್ಕೆ ಜಾಮ್ ಪರೀಕ್ಷೆ ಬರೆಯುವುದಾದರೆ ಅದರ ಬಯೋಟೆಕ್ನಾಲಜಿ ಪೇಪರಿನಲ್ಲಿ ಪಿಯುಸಿ ಮಟ್ಟದ ಗಣಿತ ಬರುತ್ತದೆ. ಹಳೆಯ ಪುಸ್ತಕಗಳನ್ನು ತೆಗೆದಿಟ್ಟಿದ್ದೇನೆ.

ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ಕೊಡುವ ಬೇಸಿಗೆ ಫೆಲೋಶಿಪ್‌ಗೆ ಈ ಸಲ ಅರ್ಜಿ ಹಾಕು. ಹಿಂದಿನ ವರ್ಷದ ಕೊನೆಯ ತಿಂಗಳುಗಳಲ್ಲೇ ಕರೆಯುತ್ತಾರೆ, ತಡ ಮಾಡಬೇಡ. ಏನು ಕಲಿಯಬೇಕು, ಯಾಕೆ ಅಂತ ಅದರಲ್ಲಿ ಬರೆಯಬೇಕಾಗುತ್ತದೆ. ಗೊಡ್ಡು ಬಂದ ಗಿಡ ಯಾಕೆ ಹೂ ಬಿಡುವುದಿಲ್ಲ ಅಂತ ಬರೆದರೂ ನಡೆಯುತ್ತದೆ. ನಿನ್ನದೇ ಬೇರೆ ಪ್ರಶ್ನೆ ಇದ್ದರೆ ಇನ್ನೂ ಒಳ್ಳೆಯದು. ಕಳಿಸುವ ಮೊದಲು ನನಗೊಮ್ಮೆ ತೋರಿಸು. ಹಾಸ್ಟೆಲ್ ಫೀಸು ಅಪ್ಪ ಸೋಮವಾರ ಹಾಕುತ್ತಾರೆ.

ನಿನ್ನ ಅವ್ವ