ಅಲ್ಲಿನವರನ್ನು ಕೇಳು

ಚಿರಂಜೀವಿ ಪುಟ್ಟನಿಗೆ ದೊಡ್ಡಪ್ಪನ ಆಶೀರ್ವಾದಗಳು.

ಲಡಾಖಿನಲ್ಲಿ ರಸ್ತೆ ಸರ್ವೆ ಕೆಲಸ ಸಿಕ್ಕಿದೆ ಅಂತ ನಿಮ್ಮಪ್ಪ ಹೇಳಿದ. ತುಂಬಾ ಖುಷಿಯಾಯಿತು ಕಣೋ. ಡ್ರೋನು, ಉಪಗ್ರಹದ ನಕ್ಷೆ ಎಲ್ಲ ಕೊಡ್ತಾರಂತೆ, ಒಳ್ಳೆಯದೇ. ಆದರೆ ಹೊರಡುವ ಮುಂಚೆ ಫ್ರಾಂಕ್ಲಿನ್ ಅನ್ನೋ ಇಂಗ್ಲಿಷ್ ನೌಕಾಧಿಕಾರಿಯ ವಿಷಯ ನಿನಗೆ ಹೇಳಲೇಬೇಕು.

1845ರ ಮೇ ತಿಂಗಳಲ್ಲಿ ಅವನ ಮುಂದಾಳತ್ವದಲ್ಲಿ ಇಂಗ್ಲೆಂಡಿನಿಂದ ಎರೆಬಸ್, ಟೆರರ್ ಅಂತ ಎರಡು ಹಡಗು ಹೊರಟವು. ಕೆನಡಾದ ಉತ್ತರಕ್ಕಿರುವ ದ್ವೀಪಗಳ ನಡುವೆ ನುಸುಳಿ ಪೆಸಿಫಿಕ್ ಸಾಗರ ಸೇರಬೇಕು ಅನ್ನೋದು ಉದ್ದೇಶ. ಮೂತಿಗೆ ಕಬ್ಬಿಣದ ಹೊದಿಕೆ, ಒಳಗೆ ಉಗಿ ಎಂಜಿನ್, ಮೂರು ವರ್ಷಕ್ಕಾಗುವಷ್ಟು ದಿನಸಿ. ಯಾವುದಕ್ಕೂ ಕೊರತೆ ಇರಲಿಲ್ಲ. 1846ರ ಸೆಪ್ಟೆಂಬರಿನಲ್ಲಿ ಕಿಂಗ್ ವಿಲಿಯಂ ದ್ವೀಪದ ಹತ್ತಿರ ಹಡಗುಗಳು ಹಿಮದಲ್ಲಿ ಸಿಕ್ಕಿಬಿದ್ದವು. ಮುಂದಿನ ಬೇಸಿಗೆಯಲ್ಲೂ ಹಿಮ ಬಿಡಲಿಲ್ಲ. ಫ್ರಾಂಕ್ಲಿನ್ ತೀರಿಕೊಂಡ. 1848ರ ಏಪ್ರಿಲಿನಲ್ಲಿ ಉಳಿದ 105 ಜನ ಹಡಗು ಬಿಟ್ಟು ದಕ್ಷಿಣಕ್ಕೆ ನಡೆದರು. ಹಿಮದೊಳಗೆ ಹೋಗಿದ್ದ 129 ಜನರಲ್ಲಿ ಒಬ್ಬನೂ ಊರಿಗೆ ವಾಪಸ್ ಬರಲಿಲ್ಲ.

1859ರಲ್ಲಿ ಹುಡುಕಿಕೊಂಡು ಹೋದವರಿಗೆ ಜಾರುಬಂಡಿಯ ಮೇಲೆ ಕಟ್ಟಿದ ಒಂದು ದೋಣಿ ಸಿಕ್ಕಿತು. ಒಳಗೆ ಎರಡು ಅಸ್ಥಿಪಂಜರ. ಜೊತೆಗೆ ರೇಷ್ಮೆ ಕರವಸ್ತ್ರ, ಬೆಳ್ಳಿ ಚಮಚ, ಪುಸ್ತಕ, ಚಪ್ಪಲಿ, ಚಹಾ, ಚಾಕೊಲೇಟ್. ಹಸಿದ ಜನ ಇಷ್ಟು ಭಾರ ಎಳೆದಿದ್ದರಲ್ಲ ಅಂತ ನೆನೆದರೆ ಹೊಟ್ಟೆ ಉರಿಯುತ್ತೆ. ಅವರು ಸತ್ತ ನೆಲದಲ್ಲೇ ಅಲ್ಲಿನ ಮೂಲನಿವಾಸಿಗಳಾದ ಇನ್ಯುಯಿಟ್ ಜನ ಸಣ್ಣ ಸಣ್ಣ ಗುಂಪಾಗಿ, ಬೇಟೆಯ ಪ್ರಾಣಿಗಳು ಹೋದ ಕಡೆ ಹೋಗುತ್ತಾ ಮಕ್ಕಳುಮರಿಗಳ ಜೊತೆ ಬಾಳುತ್ತಿದ್ದರು. ನೂರು ಜನ ಒಟ್ಟಿಗೆ ಹೋದರೆ ಆ ನೆಲ ಹೊಟ್ಟೆ ತುಂಬಿಸೋದಿಲ್ಲ ಅಂತ ಅವರಿಗೆ ಗೊತ್ತಿತ್ತು.

ಜಾನ್ ರೇ ಅನ್ನೋ ಡಾಕ್ಟರು ಆ ಜನರಿಂದಲೇ ಹಿಮದ ಮನೆ ಕಟ್ಟೋದು, ಬೇಟೆಯಾಡೋದು ಕಲಿತಿದ್ದ. 1854ರಲ್ಲಿ ಫ್ರಾಂಕ್ಲಿನ್ ತಂಡದ ಗತಿ ಏನಾಯಿತು ಅಂತ ಅವನಿಗೆ ಹೇಳಿದ್ದೂ ಅವರೇ. ಹಸಿವು ತಾಳಲಾರದೆ ಕೆಲವರು ಸತ್ತವರನ್ನೇ ತಿಂದರು ಅಂತಲೂ ಹೇಳಿದರು. ಲಂಡನ್ನಿನಲ್ಲಿ ದೊಡ್ಡವರು ಅನ್ನಿಸಿಕೊಂಡವರೆಲ್ಲ ಇದು ಸುಳ್ಳು ಅಂತ ಹರಿಹಾಯ್ದರು. ಆಮೇಲೆ ಮೂಳೆಗಳ ಮೇಲೆ ಚಾಕುವಿನ ಗುರುತು ಸಿಕ್ಕಿದವು. 2014ರಲ್ಲಿ ಎರೆಬಸ್ ಸಿಕ್ಕಿದ್ದೂ ಇನ್ಯುಯಿಟ್ ಹಿರಿಯರು ತಲೆಮಾರುಗಳಿಂದ ಹೇಳುತ್ತಾ ಬಂದಿದ್ದ ಕಡೆಯೇ. 2016ರಲ್ಲಿ ಟೆರರ್ ಇರುವ ಜಾಗಕ್ಕೆ ದಾರಿ ತೋರಿಸಿದ್ದು ಸ್ಯಾಮಿ ಕೊಗ್ವಿಕ್ ಅನ್ನೋ ಇನ್ಯುಯಿಟ್ ಮನುಷ್ಯ.

ಫ್ರಾಂಕ್ಲಿನ್ ಹುಡುಕಿ ಹೊರಟಿದ್ದ ಆ ಸಮುದ್ರದ ದಾರಿಯನ್ನು ಹಡಗಿನಲ್ಲಿ ಮೊದಲು ದಾಟಿದ ನಾರ್ವೆಯ ಅಮುಂಡ್ಸೆನ್‌ನ ರೀತಿಯೇ ಬೇರೆ. ಹಳೇ ಮೀನುಗಾರಿಕೆ ದೋಣಿ, ಅವನೂ ಸೇರಿ ಏಳೇ ಜನ. 1903ರಲ್ಲಿ ಹೊರಟವನು ಅದೇ ಕಿಂಗ್ ವಿಲಿಯಂ ದ್ವೀಪದಲ್ಲಿ ಎರಡು ಚಳಿಗಾಲ ನಿಂತ. ಉಣ್ಣೆ ಬಟ್ಟೆ ಬಿಟ್ಟು ಸಡಿಲವಾದ ಜಿಂಕೆ ಚರ್ಮದ ಉಡುಪು ಹಾಕೋದು, ನಾಯಿ ಬಂಡಿ ಓಡಿಸೋದು ಎಲ್ಲ ಅಲ್ಲಿನವರಿಂದ ಕಲಿತ. 1906ರಲ್ಲಿ ಆಚೆ ದಡ ಸೇರಿದ.

ನೀನು ಅಲ್ಲಿಗೆ ಹೋದ ಮೇಲೆ ಮೊದಲು ಕುರಿ ಮೇಯಿಸುವವರ ಹತ್ತಿರ ಕೂತು ಮಾತಾಡು. ಹಿಮ ಎಲ್ಲಿ ಜಾರುತ್ತೆ, ಯಾವ ಹಳ್ಳ ಯಾವ ತಿಂಗಳಲ್ಲಿ ತುಂಬುತ್ತೆ ಅಂತ ಕೇಳು. ನಕ್ಷೆಗೂ ಅವರ ಮಾತಿಗೂ ತಾಳೆಯಾಗದಿದ್ದರೆ ಆ ಜಾಗಕ್ಕೆ ಅವರ ಜೊತೆಗೇ ಹೋಗಿ ನೋಡು. ವರದಿ ಬರೆಯುವಾಗ ಸುಮ್ನೆ ‘ಸ್ಥಳೀಯರು’ ಅಂತ ಹಾಕಬೇಡ, ಹೇಳಿದವರ ಹೆಸರನ್ನು ಅವರನ್ನೇ ಕೇಳಿ ಬರೆ.

ಇಂತಿ ನಿನ್ನ
ದೊಡ್ಡಪ್ಪ