ಸಂಡೂರಿಗೆ ಒಬ್ಬನೇ ಯಾಕೆ ಹೋದೆ ಅಂದರೆ

ಲೇ ದೋಸ್ತ,

ಫೋಟೋ ನೋಡಿ ಫೋನ್ ಮಾಡಿ ಬೈದೆಯಲ್ಲ, ನನ್ನನ್ನು ಬಿಟ್ಟು ಹೇಗೆ ಹೋದೆ ಅಂತ. ಏನೋ ಹಾರಿಕೆ ಉತ್ತರ ಕೊಟ್ಟೆ. ಈಗ ಎಲ್ಲರೂ ಅದನ್ನೇ ಕೇಳುತ್ತಿದ್ದಾರೆ, ಅದಕ್ಕೇ ಇಲ್ಲೇ ಬರೆಯುತ್ತಿದ್ದೇನೆ.

ತೋರಣಗಲ್ಲು ದಾಟಿ ದೋಣಿಮಲೈ ಕಡೆ ಬರುವಷ್ಟರಲ್ಲಿ ಮೋಡ ಗುಡ್ಡದ ಹೆಗಲಿಗೆ ಇಳಿದಿತ್ತು. ಬಳ್ಳಾರಿ ಬಿಸಿಲಲ್ಲಿ ಬೆಂದವರಿಗೆ ಇದೂ ನಮ್ಮದೇ ಜಿಲ್ಲೆ ಅಂದರೆ ನಂಬಿಕೆ ಬರಲ್ಲ. ಸೆಪ್ಟೆಂಬರ್‌ನಲ್ಲಿ ಸಂಡೂರು ನೋಡಬೇಕು ಅಂತ ಗಾಂಧೀಜಿ ಹೇಳಿದರಂತೆ. ಆ ಮಾತು ಹೇಳದ ಮೇಷ್ಟ್ರು ನಮ್ಮ ಕಡೆ ಯಾರಿದ್ದಾರೆ? ನಾರಿಹಳ್ಳ ಡ್ಯಾಮ್ ನೋಡಿದೆ, ಗುಡಿಗೆ ಹೋಗಿ ಕುಮಾರಸ್ವಾಮಿ ದೇವರಿಗೆ ಕೈ ಮುಗಿದೆ. ಅದೆಲ್ಲ ಫೋಟೋದಲ್ಲಿದೆ.

ಫೋಟೋದಲ್ಲಿ ಇಲ್ಲದ್ದು ಆ ಇಳಿಜಾರು. ಕಾಡಿನೊಳಗೆ ಸುಮ್ನೆ ಗಾಡಿ ನುಗ್ಗಿಸುವಂತಿಲ್ಲ, ಗಣಿ ನಡೆಯುವ ಕಡೆ ಗೇಟು, ಕಾವಲು. ನಾನು ಹಿಡಿದಿದ್ದು ಹೊಲಗಳ ಕಡೆ ಇಳಿಯುವ ಒಂದು ಹಳೇ ಲಾರಿ ದಾರಿ. ಮಳೆ ನೀರು ನಟ್ಟನಡುವೆ ಕೊರಕಲು ಮಾಡಿದೆ. ಟೈರಿನ ಗಾಳಿ ಸ್ವಲ್ಪ ಇಳಿಸಿ, ಫೋರ್ ಲೋ (ನಾಲ್ಕೂ ಚಕ್ರಕ್ಕೆ ಬಲ ಕೊಡುವ ನಿಧಾನದ ಗೇರು) ಹಾಕಿ, ಫಸ್ಟ್ ಗೇರಲ್ಲಿ ಬಿಟ್ಟೆ. ಬ್ರೇಕು, ಕ್ಲಚ್ಚು ಎರಡರ ಮೇಲೂ ಕಾಲಿಲ್ಲ. ಒದ್ದೆ ಕೆಮ್ಮಣ್ಣಲ್ಲಿ ಬ್ರೇಕ್ ಒತ್ತಿದರೆ ಚಕ್ರ ಲಾಕ್ ಆಗಿ ಗಾಡಿ ಸೀದಾ ಜಾರುತ್ತೆ. ಎಂಜಿನ್ನೇ ಹಿಡಿದು ಹಿಡಿದು ಇಳಿಸಬೇಕು. "ಹತ್ತಿದ ಗೇರಲ್ಲೇ ಇಳೀಬೇಕು" ಅಂತ ಅಪ್ಪ ಹೇಳುತ್ತಿದ್ದ. ಯಾವ ಯೂಟ್ಯೂಬೂ ಕಲಿಸಿದ್ದಲ್ಲ ಇದು.

ಕೆಳಗೆ ನಿಲ್ಲಿಸಿ, ಟೈರಿನ ಸಂದಿಯಲ್ಲಿ ಸಿಕ್ಕಿಕೊಂಡಿದ್ದ ಕಲ್ಲೊಂದನ್ನು ಸ್ಕ್ರೂಡ್ರೈವರಿನಿಂದ ಕಿತ್ತೆ. ಹೆಬ್ಬೆಟ್ಟಿನಷ್ಟು ಕಲ್ಲು, ಆದರೆ ಏನು ಭಾರ! ಒಡೆದ ಕಡೆ ಉಕ್ಕಿನ ಹೊಳಪು. ಉಜ್ಜಿದರೆ ಬೆರಳೆಲ್ಲ ಕೆಂಪು. ಇದೇ ಕೆಂಪು ನಮ್ಮನೆ ಹಾಸಿಗೆಯಲ್ಲಿತ್ತು, ಅಕ್ಕಿ ಡಬ್ಬಿ ಮೇಲಿತ್ತು, ಅಪ್ಪನ ಬನಿಯನ್ನಲ್ಲಿತ್ತು. ಅವನು ರಾತ್ರಿ ಲಾರಿಗೆ ಕಬ್ಬಿಣದ ಅದಿರು ಲೋಡ್ ಮಾಡಿಸಿ, ತಾಡಪಾಲು ಬಿಗಿದು, ಬೇಲೆಕೇರಿ ಬಂದರಿನ ತನಕ ಹೋಗುತ್ತಿದ್ದ. ಅದಕ್ಕೆ ಯಾರೂ ಸಾಹಸ ಅನ್ನಲಿಲ್ಲ. ಬಾಡಿಗೆ ಅಂದರು ಅಷ್ಟೇ.

2011ರ ಜುಲೈನಲ್ಲಿ ಸುಪ್ರೀಂ ಕೋರ್ಟು ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿತಲ್ಲ, ಲಾರಿ ಮನೆ ಮುಂದೆ ನಿಂತಿತು, ಕಂತು ನಿಲ್ಲಲಿಲ್ಲ. ಮುಂದಿನದು ನಿನಗೆ ಗೊತ್ತು. ಲಾರಿ ಎಳಕೊಂಡು ಹೋದ ದಿನ ನೀನೇ ನಮ್ಮ ಕಟ್ಟೆ ಮೇಲೆ ಕೂತಿದ್ದೆ.

ಇದನ್ನು ಬರೆಯೋದು ಬೇಡ ಅಂದುಕೊಂಡಿದ್ದೆ. ಗುಡ್ಡ ಮತ್ತೆ ಹಸಿರಾಯಿತು ಅಂತ ಎಲ್ಲರ ಜೊತೆ ನಾನೂ ಸ್ಟೇಟಸ್ ಹಾಕುತ್ತೇನೆ. ಆದರೆ ಅಲ್ಲಿ ನಿಂತಾಗ ನನಗೆ ಆ ಲಾರಿ ಸಾಲು ಬೇಕು ಅನಿಸಿತು ಕಣೋ. ಆ ಹಾರನ್ನು, ಆ ಧೂಳು, ನಡುರಾತ್ರಿ ತೆರೆದಿರುತ್ತಿದ್ದ ಢಾಬಾ, ಜೇಬಲ್ಲಿ ನೋಟು ಇಟ್ಟುಕೊಂಡು ಮನೆಗೆ ಬರುತ್ತಿದ್ದ ಅಪ್ಪ. ನನ್ನ ಕಾಲೇಜು ಫೀಸು ಆ ಗುಡ್ಡದಿಂದಲೇ ಬಂದಿದ್ದು. ಅದಿರಿನ ಧೂಳು ಕೂತು ಬೆಳೆ ಕಳಕೊಂಡವರೂ ನಮ್ಮವರೇ, ನಿಮ್ಮ ಸೋದರಮಾವನ ಮೆಣಸಿನಕಾಯಿ ಹೊಲ ಮರೆತಿಲ್ಲ. ಎಲ್ಲ ಗೊತ್ತಿದ್ದೂ ಬೇಕು ಅನಿಸಿತು. ಪಕ್ಕದಲ್ಲಿ ನೀನಿದ್ದು "ಎಷ್ಟು ಚೆನ್ನಾಗಿದೆ ಅಲ್ವಾ" ಅಂದಿದ್ದರೆ ನಾನು ಹೂಂ ಅನ್ನಬೇಕಿತ್ತು. ಅದಕ್ಕೇ ಒಬ್ಬನೇ ಹೋಗಿದ್ದು.

ಸಾಕು, ಜಾಸ್ತಿ ಆಯ್ತು. ಅಪ್ಪನಿಗೆ ಹೊಸಪೇಟೆಯಲ್ಲಿ ಕೆಲಸ ಇದೆ ಅಂತ ಹೇಳಿ ಹೊರಟಿದ್ದೆ. ಆ ದಾರಿಯಲ್ಲಿ ಡೀಸೆಲ್ ಸುಟ್ಟು ಖಾಲಿ ಗಾಡಿ ಓಡಿಸಿ ಬಂದೆ ಅಂದರೆ ಅವನು ಕೇಳೋದು ಒಂದೇ ಪ್ರಶ್ನೆ: "ಟನ್ನಿಗೆ ಎಷ್ಟು ಕೊಟ್ಟರು?" ಈಗ ಅವನೂ ಫೇಸ್‌ಬುಕ್ಕಿಗೆ ಬಂದಿದ್ದಾನೆ. ಫೋಟೋಗೆ ಕೈ ಮುಗಿಯೋ ಚಿಹ್ನೆ ಹಾಕುತ್ತಾನೆ, ಉದ್ದ ಬರೆದಿದ್ದು ಓದಲ್ಲ. ಆ ಧೈರ್ಯದ ಮೇಲೆ ಇಷ್ಟು ಬರೆದಿದ್ದೇನೆ. ನೀನು ಓದಿ ಹೇಳಿಬಿಟ್ಟೀಯ ಮತ್ತೆ.

ಇಂತಿ ನಿನ್ನ,
ಕ್ಲೀನರ್