ಮೈಲೇಜ್ ಪಕ್ಕದಲ್ಲೇ ಹೊಗೆಯ ಲೆಕ್ಕವನ್ನೂ ಹಾಕಿ

ಸಂಪಾದಕರಿಗೆ ನಮಸ್ಕಾರ.

ಡೀಸೆಲ್ ಕಾರುಗಳ ಬಗ್ಗೆ ಯಾರೇ ಬರೆಯಲಿ, ಒಂದು ಮಾತು ಬಂದೇ ಬರುತ್ತದೆ: ಒಳ್ಳೆ ಮೈಲೇಜ್ ಕೊಡುತ್ತೆ, ಹಾಗಾಗಿ ಪರಿಸರಕ್ಕೂ ಒಳ್ಳೆಯದು. ಮೊದಲರ್ಧ ನಿಜ. ಉಳಿದರ್ಧವನ್ನು ನಾನು ಒಪ್ಪುವುದಿಲ್ಲ, ಯಾಕೆ ಅಂತ ಹೇಳುತ್ತೇನೆ.

ಡೀಸೆಲ್ ಎಂಜಿನ್ ಇಂಧನವನ್ನು ಚೆನ್ನಾಗಿ ಬಳಸಿಕೊಳ್ಳುತ್ತದೆ. ಸಿಲಿಂಡರಿನಲ್ಲಿ ಗಾಳಿಯನ್ನು ಎಷ್ಟು ಒತ್ತುತ್ತದೆ ಅಂದರೆ ಆ ಬಿಸಿಗೇ ಡೀಸೆಲ್ ಹೊತ್ತಿಕೊಳ್ಳುತ್ತದೆ, ಸ್ಪಾರ್ಕ್ ಪ್ಲಗ್ಗೇ ಬೇಕಿಲ್ಲ. ಆದರೆ ಲೀಟರ್ ಲೆಕ್ಕದಲ್ಲಿ ಹೋಲಿಸುವುದೇ ಸರಿಯಲ್ಲ. ಒಂದು ಲೀಟರ್ ಡೀಸೆಲ್ ಒಂದು ಲೀಟರ್ ಪೆಟ್ರೋಲಿಗಿಂತ ಜಾಸ್ತಿ ತೂಗುತ್ತದೆ, ಅದರಲ್ಲಿ ಇಂಗಾಲವೂ ಜಾಸ್ತಿ. ಪೆಟ್ರೋಲ್ ಒಂದು ಲೀಟರ್ ಉರಿದರೆ ಸುಮಾರು 2.3 ಕಿಲೋ ಕಾರ್ಬನ್ ಡೈಆಕ್ಸೈಡ್ ಬರುತ್ತದೆ, ಡೀಸೆಲ್ ಉರಿದರೆ ಸುಮಾರು 2.7 ಕಿಲೋ. (ಒಂದು ಕಿಲೋ ಕೂಡ ತೂಗದ ಇಂಧನದಿಂದ ಇಷ್ಟು ಹೇಗೆ ಅಂತ ತುಂಬಾ ಜನ ಕೇಳುತ್ತಾರೆ. ಉರಿಯುವಾಗ ಗಾಳಿಯಲ್ಲಿರುವ ಆಮ್ಲಜನಕ ಸೇರಿಕೊಳ್ಳುತ್ತದೆ, ಅದಕ್ಕೆ.) ಈಗ ನೀವೇ ಭಾಗಿಸಿ ನೋಡಿ. ಲೀಟರಿಗೆ 17 ಕಿ.ಮೀ. ಓಡುವ ಪೆಟ್ರೋಲ್ ಕಾರು, 20 ಕಿ.ಮೀ. ಓಡುವ ಡೀಸೆಲ್ ಕಾರು, ಎರಡೂ ಒಂದು ಕಿಲೋಮೀಟರಿಗೆ ಬಿಡುವುದು ಹೆಚ್ಚುಕಡಿಮೆ 135 ಗ್ರಾಂ. ಜಾಹೀರಾತಿನಲ್ಲಿ ಮೂರು ಕಿಲೋಮೀಟರ್ ಮುಂದಿದೆ, ಹೊಗೆಯಲ್ಲಿ ಸಮ.

ಇದು ಇಂಗಾಲದ ಮಾತಾಯಿತು. ಉಸಿರಿನ ಮಾತು ಬೇರೆಯೇ ಇದೆ. ಡೀಸೆಲ್ ಉರಿಯುವ ಬಿಸಿಗೆ ಗಾಳಿಯಲ್ಲಿರುವ ಸಾರಜನಕವೇ ಆಮ್ಲಜನಕದ ಜೊತೆ ಸೇರಿ ನೈಟ್ರೋಜನ್ ಆಕ್ಸೈಡ್ ಆಗುತ್ತದೆ, ಜೊತೆಗೆ ಶ್ವಾಸಕೋಶದ ಆಳಕ್ಕೆ ಇಳಿಯುವಷ್ಟು ಸಣ್ಣ ಮಸಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲೇ ಡೀಸೆಲ್ ಹೊಗೆಯನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಮೂರು ವರ್ಷದ ನಂತರ, 2015ರಲ್ಲಿ, ಫೋಕ್ಸ್‌ವ್ಯಾಗನ್ ಕಾರು ಕಂಪನಿ ಹೊಗೆ ಪರೀಕ್ಷೆಯಲ್ಲಿ ಮೋಸ ಮಾಡಿ ಸಿಕ್ಕಿಬಿತ್ತು. ಪರೀಕ್ಷೆ ನಡೆಯುವಾಗ ಮಾತ್ರ ಹೊಗೆ ತಗ್ಗಿಸುವ ಸಾಫ್ಟ್‌ವೇರ್ ಇದ್ದ ಕಾರುಗಳು ಜಗತ್ತಿನಾದ್ಯಂತ ಸುಮಾರು 1.1 ಕೋಟಿ. ಆ ಕಾರುಗಳನ್ನು 'ಕ್ಲೀನ್ ಡೀಸೆಲ್' ಅಂತ ನಂಬಿ ಕೊಂಡವರಲ್ಲಿ ಪರಿಸರದ ಕಾಳಜಿ ಇದ್ದವರೇ ಎಷ್ಟು ಜನ ಇದ್ದರೋ. ನೆನೆದರೆ ಈಗಲೂ ಸಿಟ್ಟು ಬರುತ್ತದೆ.

ಹೊಸ ಡೀಸೆಲ್ ಕಾರುಗಳು ಹಳೆಯವಕ್ಕಿಂತ ಎಷ್ಟೋ ವಾಸಿ, ಅದನ್ನೂ ಹೇಳಬೇಕು. ಮಸಿ ಹಿಡಿಯುವ ಫಿಲ್ಟರ್ ಇದೆ, ಯೂರಿಯಾ ದ್ರಾವಣ ಚಿಮ್ಮಿಸಿ ನೈಟ್ರೋಜನ್ ಆಕ್ಸೈಡ್ ತಗ್ಗಿಸುವ ವ್ಯವಸ್ಥೆಯೂ ಇದೆ. ಆದರೆ ಆ ಫಿಲ್ಟರಿನಲ್ಲಿ ಕೂತ ಮಸಿ ಉರಿದುಹೋಗಬೇಕಾದರೆ ಗಾಡಿ ಸ್ವಲ್ಪ ದೂರ ಒಂದೇ ಸಮ ಓಡಿ ಚೆನ್ನಾಗಿ ಬಿಸಿಯಾಗಬೇಕು. ಮಕ್ಕಳನ್ನು ಶಾಲೆಗೆ ಬಿಟ್ಟು ಬರುವುದು, ತರಕಾರಿಗೆ ಹೋಗಿ ಬರುವುದು, ಇಷ್ಟಕ್ಕೇ ಓಡಿಸಿದರೆ ಫಿಲ್ಟರ್ ಕಟ್ಟಿಕೊಳ್ಳುತ್ತದೆ, ರಿಪೇರಿ ಖರ್ಚಿಗೆ ಹೆದರಿ ಕೆಲವರು ಅದನ್ನು ತೆಗೆಸಿಯೇ ಬಿಡುತ್ತಾರೆ. ಆಮೇಲೆ ಇಷ್ಟೇ ಹೊಗೆ ಬಿಡಬೇಕು ಅಂತ ಪುಸ್ತಕದಲ್ಲಿ ಬರೆದ ಯಾವ ಮಿತಿಗೂ ಅರ್ಥವಿಲ್ಲ, ಅಲ್ವಾ?

ನನ್ನ ಮುಖ್ಯ ತಕರಾರು ಇನ್ನೂ ಒಂದಿದೆ. ಕಡಿಮೆ ಕುಡಿಯುವ ಕಾರು ಬಂದ ಮೇಲೆ ನಾವು ಜಾಸ್ತಿ ಓಡಿಸುತ್ತೇವೆ. ಡೀಸೆಲ್ ಕಾರಿಗೆ ಕೊಳ್ಳುವಾಗ ಜಾಸ್ತಿ ಕೊಟ್ಟಿದ್ದೇವೆ, ಓಡಿಸಿದಷ್ಟೂ ಲಾಭ ಅನ್ನುವ ಲೆಕ್ಕ ತಲೆಯಲ್ಲಿ ಕೂರುತ್ತದೆ. ಲೀಟರಿಗೆ 15 ಕಿ.ಮೀ. ಕೊಡುವ ಪೆಟ್ರೋಲ್ ಕಾರಿನಲ್ಲಿ ತಿಂಗಳಿಗೆ 600 ಕಿ.ಮೀ. ಓಡಾಡುತ್ತಿದ್ದ ಮನೆಯವರು 20 ಕೊಡುವ ಡೀಸೆಲ್ ಕಾರು ತಂದು 1,000 ಕಿ.ಮೀ. ಓಡಾಡಿದರು ಅಂದುಕೊಳ್ಳಿ. ಮೊದಲು 92 ಕಿಲೋ ಕಾರ್ಬನ್ ಡೈಆಕ್ಸೈಡ್, ಈಗ 135 ಕಿಲೋ. ಮೈಲೇಜ್ ಏರಿತು, ಹೊಗೆಯೂ ಏರಿತು. ಯಾವ ಕಾರೇ ಆಗಲಿ, ಟೈರ್ ಸವೆದು, ಬ್ರೇಕ್ ಸವೆದು ಏಳುವ ಧೂಳು ಇದ್ದೇ ಇದೆ, ಗಾಡಿ ಭಾರವಾದಷ್ಟೂ ಅದು ಜಾಸ್ತಿ.

ಕಾರು ಬಿಟ್ಟು ನಡೆಯಿರಿ ಅಂತ ಎಲ್ಲರಿಗೂ ಹೇಳಲು ಆಗುವುದಿಲ್ಲ. ದಿನಾ ದೂರ ಹೋಗಲೇಬೇಕಾದವರು, ಬಸ್ಸೇ ಇಲ್ಲದ ಕಡೆ ಇರುವವರು ಇದ್ದಾರೆ. ಆದರೆ ಕೊಳ್ಳುವವರಿಗೆ ಲೆಕ್ಕ ಪೂರ್ತಿ ಗೊತ್ತಿರಲಿ. ನಿಮ್ಮ ಪತ್ರಿಕೆಯಲ್ಲಿ ಯಾವುದೇ ಕಾರಿನ ಬಗ್ಗೆ ಬರೆಯುವಾಗ ಮೈಲೇಜ್ ಪಕ್ಕದಲ್ಲೇ ಒಂದು ಕಿಲೋಮೀಟರಿಗೆ ಎಷ್ಟು ಗ್ರಾಂ ಕಾರ್ಬನ್ ಡೈಆಕ್ಸೈಡ್, ಎಷ್ಟು ನೈಟ್ರೋಜನ್ ಆಕ್ಸೈಡ್ ಅಂತ ಎರಡು ಅಂಕಿ ಹಾಕಿ. ಸಿಗದಿದ್ದರೆ ಕಂಪನಿಯನ್ನು ಕೇಳಿ, ಕಂಪನಿ ಕೊಡದಿದ್ದರೆ ಕೊಡಲಿಲ್ಲ ಅಂತಲೇ ಅಚ್ಚು ಹಾಕಿ.

ಇಂತಿ,
ನಿಮ್ಮ ಪತ್ರಿಕೆಯ ಓದುಗ